ಅಪ್ಪನ ಎಂಜಲು ತಟ್ಟೆ

ಮೊನ್ನೆ ಕೆ.ಆರ್. ಪುರದ ಹತ್ತಿರದ ಛತ್ರವೊಂದರಲ್ಲಿ ನೆಂಟರ ಮದುವೆ. ಧಾರೆ ಮುಗಿದ ಮೇಲೆ ಹುಡುಗ ಹುಡುಗಿಯನ್ನು ಒಂದೇ ಬಾಳೆ ಎಲೆಯ ಮುಂದೆ ಕೂರಿಸಿದರು. ನಮ್ಮ ಕಡೆ ಇದಕ್ಕೆ ಭೂಮದ ಊಟ ಅನ್ನುತ್ತಾರೆ, ಹೊಸ ಜೋಡಿ ಒಂದೇ ಎಲೆಯಲ್ಲಿ ಉಣ್ಣಬೇಕು. ಹುಡುಗ ಜಾಮೂನನ್ನು ಅರ್ಧ ಕಚ್ಚಿ ಉಳಿದರ್ಧವನ್ನು ಹುಡುಗಿಯ ಬಾಯಿಗೆ ತುರುಕಿದ. ಪಾಕ ಅವಳ ಗಲ್ಲದಿಂದ ಇಳಿದು ಸೀರೆಯ ಸೆರಗಿಗೆ ಬಿತ್ತು. ಸುತ್ತ ನಿಂತವರು ಹೋ ಎಂದರು. ಆದರೆ ವಿಡಿಯೋದವನಿಗೆ ತೃಪ್ತಿಯಾಗಲಿಲ್ಲ.

"ಇನ್ನೊಂದ್ಸಲ ಸರ್. ಲವ್ ಕಾಣಿಸ್ಬೇಕು. ಮೇಡಂ, ನೀವು ಸ್ವಲ್ಪ ನಾಚ್ಕೊಳ್ಳಿ."

ಇನ್ನೊಂದು ಜಾಮೂನು ಬಂತು. ಅದನ್ನೂ ಅವನು ಕಚ್ಚಿದ, ಉಳಿದರ್ಧವನ್ನು ಅವಳು ಕಣ್ಣು ಮುಚ್ಚಿ ಬಾಯಿ ತೆರೆದು ತೆಗೆದುಕೊಂಡಳು. ನಾನು ಪಾಯಸದ ಲೋಟವನ್ನು ಹಾಗೇ ಬಿಟ್ಟು ಹೊರಗೆ ಬಂದು, ಚಪ್ಪಲಿ ರಾಶಿಯ ಪಕ್ಕ ನಿಂತೆ. ಹಿಂದೆಯೇ ನನ್ನ ಗಂಡ ಬಂದರು.

"ಏನಾಯ್ತು? ಊಟ ಬಿಟ್ಟು ಬಂದ್ಬಿಟ್ಟೆ?"

"ಆ ಹುಡುಗಿ ಗಂಟಲು ನೋಡಿದ್ರಾ? ಎರಡನೇ ಸಲ ನುಂಗಕ್ಕೇ ಆಗ್ಲಿಲ್ಲ ಅವಳಿಗೆ."

"ಮದುವೆ ಮನೇಲಿ ಎಲ್ಲರೂ ಸೀರೆ ನೋಡ್ತಾರೆ, ನೀನು ಗಂಟಲು ನೋಡ್ತೀಯ."

ಅವರು ಹೇಳಿದ್ದು ಸರಿ. ಇಪ್ಪತ್ತೆಂಟು ವರ್ಷ ಜೊತೆಗಿದ್ದೂ ಅವರು ಇದನ್ನು ನನ್ನ ಶುಚಿಯ ಹುಚ್ಚು ಅಂದುಕೊಂಡಿದ್ದಾರೆ. ಅದಲ್ಲ. ಹದಿಮೂರನೇ ವಯಸ್ಸಿನಲ್ಲಿ, ಹಲಸೂರಿನ ನಮ್ಮ ಮನೆಯಲ್ಲಿ, ಕಣ್ಣೆದುರೇ ಉಣ್ಣುತ್ತಿದ್ದವಳ ಗಂಟಲನ್ನು ನೋಡದೆ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ನನಗೆ ಖುಷಿಯೇನೂ ಇಲ್ಲ.

ಮನೆ ಬಜಾರು ಬೀದಿಯ ಹಿಂದಿನ ಗಲ್ಲಿಯಲ್ಲಿತ್ತು. ಒಂದರ ಹಿಂದೆ ಒಂದು ಮೂರು ಕೋಣೆ, ಕೊನೆಗೆ ಹಿತ್ತಲು, ಹಿತ್ತಲಲ್ಲಿ ಒಂದು ನಲ್ಲಿ. ಆ ನಲ್ಲಿ ನಮಗೂ ಪಕ್ಕದ ಮನೆಯವರಿಗೂ ಸೇರಿದ್ದು. ಅಪ್ಪನಿಗೆ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಅಂಗಡಿಯಲ್ಲಿ ಹಿಡಿಯದ ಮಾಲೆಲ್ಲ ನಮ್ಮ ಮುಂದಿನ ಕೋಣೆಯಲ್ಲಿ ಇರುತ್ತಿತ್ತು. ಹುಲ್ಲು, ಹಳೇ ಪೇಪರಿನಲ್ಲಿ ಸುತ್ತಿದ ತಟ್ಟೆಗಳು ಸೂರಿನವರೆಗೆ ಪೇರಿಸಿದ್ದವು. ನಾನು ಮಲಗುತ್ತಿದ್ದದ್ದೇ ಆ ತಟ್ಟೆಗಳ ನಡುವೆ. ಅಪ್ಪ ಕೊಂಡವರ ಪಾತ್ರೆಗೆ ತಾನೇ ಸಣ್ಣ ಉಳಿ, ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿಕೊಡುತ್ತಿದ್ದ. ಅಕ್ಷರ ಮುತ್ತಿನ ಹಾಗಿರುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ಅಪ್ಪನ ತಟ್ಟೆಗೆ ಅಪ್ಪನ ಹೆಸರಿತ್ತು, ಅಜ್ಜಿಯ ತಟ್ಟೆಗೆ ಅಜ್ಜಿಯ ಹೆಸರಿತ್ತು, ನನ್ನದಕ್ಕೆ 'ವನಜ' ಎಂದಿತ್ತು. ಅಮ್ಮನ ಹೆಸರಿನ ತಟ್ಟೆ ಇರಲಿಲ್ಲ. ಬೇಕಾಗಿರಲಿಲ್ಲ. ಅಮ್ಮ ಉಣ್ಣುತ್ತಿದ್ದದ್ದು ಅಪ್ಪ ಉಂಡು ಬಿಟ್ಟ ತಟ್ಟೆಯಲ್ಲಿ.

ಅಪ್ಪ ಉಣ್ಣುತ್ತಿದ್ದ ರೀತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವಾಗ ಸಾರು ಮೊಣಕೈವರೆಗೆ ಇಳಿಯುತ್ತಿತ್ತು. ಅದನ್ನು ಅಲ್ಲಿಂದಲೇ ನೆಕ್ಕುತ್ತಿದ್ದ. ನುಗ್ಗೇಕಾಯಿ ಅಗಿದು ಅಗಿದು ನಾರಿನ ಉಂಡೆಯನ್ನು ತಟ್ಟೆಯ ಅಂಚಿಗೆ ಉಗುಳುತ್ತಿದ್ದ. ಪಕ್ಕದಲ್ಲಿ ಕರಿಬೇವು, ಚೀಪಿದ ಹುಣಸೆ ಸಿಪ್ಪೆ, ಬಾಡೂಟದ ದಿನವಾದರೆ ಮಜ್ಜೆ ಎಳೆದ ಮೂಳೆ. ಮಜ್ಜಿಗೆ ಅನ್ನ ಕಲಸುವ ಹೊತ್ತಿಗೆ ಇವೆಲ್ಲ ಸೇರಿ ತಟ್ಟೆಯ ನಡುವಿಗೆ ಜಾರಿ ಬಂದಿರುತ್ತಿದ್ದವು. ಸಾಕಾದಾಗ ತೇಗಿ, ಹಿಡಿಯಷ್ಟು ಅನ್ನ ಉಳಿಸಿ, "ತಗೋ, ನಿಂಗೆ" ಎಂದು ಎದ್ದು ಹೋಗುತ್ತಿದ್ದ. ಆ ಹಿಡಿ ಅನ್ನ ಅಮ್ಮನಿಗೆ ಪ್ರಸಾದ. ಅಮ್ಮ ನಾರು, ಮೂಳೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ಅದೇ ತಟ್ಟೆಗೆ ತನ್ನ ಅನ್ನ ಬಡಿಸಿಕೊಂಡು, ಗೋಡೆ ಕಡೆ ಮುಖ ಮಾಡಿ ಕೂತು ಉಣ್ಣುತ್ತಿದ್ದಳು. ಆ ಹೊತ್ತಿಗೆ ನಾವೆಲ್ಲ ಎದ್ದಿರುತ್ತಿದ್ದೆವು. ಅಮ್ಮನ ಜೊತೆ ಕೂತು ಉಂಡವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಇದಕ್ಕೆ ನಮ್ಮ ವಂಶದಲ್ಲಿದ್ದ ಹೆಸರು ಪ್ರೀತಿ. ದೊಡ್ಡನೆಕ್ಕುಂದಿಯಿಂದ ಅಪ್ಪನ ಕಡೆಯವರು ಬಂದಾಗಲೆಲ್ಲ ಅಜ್ಜಿ ಅಮ್ಮನನ್ನು ತೋರಿಸಿ ಹೇಳುತ್ತಿದ್ದಳು.

"ಇವತ್ತಿನವರೆಗೂ ನನ್ ಸೊಸೆ ಬೇರೆ ತಟ್ಟೆ ಮುಟ್ಟಿಲ್ಲ ಕಣ್ರವ್ವಾ. ನನ್ ಮಗ ಉಂಡ ಮೇಲೇ ಅವಳ ಊಟ. ಅಂಥಾ ಪಿರುತಿ."

ಬಂದವರು ನಾಲಿಗೆ ಲೊಚಗುಟ್ಟಿ ಮೆಚ್ಚುತ್ತಿದ್ದರು. ಅಪ್ಪ ಮೀಸೆಯಲ್ಲೇ ನಗುತ್ತಿದ್ದ. ಒಂದು ಸಲ ಯಾರೋ ಹೊಸದಾಗಿ ಮದುವೆಯಾದ ಹುಡುಗ, ನಮ್ಮನೇಲಿ ಹೊಂದಾಣಿಕೆ ಸಾಲದು ಎಂದು ಸಂಕಟ ಹೇಳಿಕೊಂಡಾಗ ಅಪ್ಪ ಕೊಟ್ಟ ಉತ್ತರ ನನಗೆ ಮಾತು ಮಾತೂ ನೆನಪಿದೆ.

"ಅದೆಲ್ಲ ಹೇಳ್ಕೊಟ್ರೆ ಬರೋದಲ್ಲಪ್ಪ. ಪ್ರೀತಿ ಅನ್ನೋದು ರಕ್ತದಲ್ಲಿ ಬರ್ಬೇಕು. ನಂಗ್ಯಾರು ಕಲಿಸಿದ್ರು? ತಾನಾಗೇ ಬಂತು."

ತಾನಾಗೇ ಬಂದ ಪ್ರೀತಿಗೆ ಹೆಂಡತಿಗೆ ಯಾವ ಪಲ್ಯ ಸೇರುತ್ತದೆ ಎಂಬುದು ಗೊತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ತಟ್ಟೆ ತೋರಿಸುವಾಗ ಬೆರಳಚ್ಚು ಬೀಳಬಾರದೆಂದು ಪಂಚೆಯ ತುದಿಯಿಂದ ಒರೆಸಿ ಎರಡು ಅಂಗೈ ನಡುವೆ ಹಿಡಿದು ಕೊಡುತ್ತಿದ್ದ ಮನುಷ್ಯ ಇವನೇ. ಆ ನಾಜೂಕು ಅವನಿಗೆ ಅವರಪ್ಪ ಕಪಾಳಕ್ಕೆ ಹೊಡೆದು ಕಲಿಸಿದ್ದು. ಕಲಿಯಲು ಬರುತ್ತಿತ್ತು ಅವನಿಗೆ. ಮನೆಯಲ್ಲಿ ಕಲಿಯಬೇಕಾದದ್ದು ಏನಾದರೂ ಇದೆ ಎಂದೇ ಅವನು ಒಪ್ಪುತ್ತಿರಲಿಲ್ಲ.

ಹನ್ನೊಂದು ಹನ್ನೆರಡನೇ ವಯಸ್ಸಿನ ಹೊತ್ತಿಗೆ ನನಗೆ ಆ ಕೋಣೆಯಲ್ಲಿ ಊಟ ಇಳಿಯದಾಯಿತು. ತಟ್ಟೆ ಎತ್ತಿಕೊಂಡು ಹಿತ್ತಲ ಕಲ್ಲಿನ ಮೇಲೆ ಕೂರುತ್ತಿದ್ದೆ. ನನಗೆ ಅಪ್ಪನ ಮೇಲೆ ಎಷ್ಟು ಅಸಹ್ಯವಿತ್ತೋ ಅಮ್ಮನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಅದ್ರಲ್ಲಿ ಹೆಂಗಮ್ಮ ಉಣ್ತೀಯ? ನಾಚ್ಕೆ ಆಗಲ್ವಾ ನಿಂಗೆ?"

"ಅಭ್ಯಾಸ ಆಗೋಗಿದೆ. ಹೋಗು, ಓದ್ಕೋ ಹೋಗು."

ಅಭ್ಯಾಸ ಆಗಿದೆ ಎಂದರೆ ಅವಳಿಗೆ ಏನೂ ಅನ್ನಿಸುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಹೇಸಿಗೆಯೇ ಇಲ್ಲದ ಹೆಂಗಸು ನನ್ನ ತಾಯಿ ಎಂದು ತೀರ್ಮಾನಿಸಿದೆ.

ತಿಂಗಳಿಗೆ ಮೂರು ದಿನ ಮಾತ್ರ ಅಮ್ಮನಿಗೆ ಬೇರೆ ತಟ್ಟೆ ಇರುತ್ತಿತ್ತು. ಆ ಮೂರು ದಿನ ಅವಳು ಹಿತ್ತಲ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು, ಸೊಟ್ಟಗಾದ ಒಂದು ಅಲ್ಯೂಮಿನಿಯಂ ತಟ್ಟೆಯಲ್ಲಿ ಉಣ್ಣುತ್ತಿದ್ದಳು. ಅಂಥ ದಿನಗಳಲ್ಲಿ ಅಪ್ಪನ ತಟ್ಟೆ ಸುಮ್ಮನೆ ತೊಳೆಯಲು ಹೋಗುತ್ತಿತ್ತು. ಆದರೆ ನಾನು ಮೈನೆರೆದ ಮೇಲೆ ಅಜ್ಜಿಗೆ ಹೊಸ ಯೋಚನೆ ಬಂತು. ಅಮ್ಮ ಹೊರಗೆ ಕೂತಿದ್ದ ಒಂದು ಮಧ್ಯಾಹ್ನ ಅಪ್ಪ ಉಂಡೆದ್ದ ತಟ್ಟೆಯನ್ನು ತಂದು ನನ್ನ ಮುಂದೆ ಇಟ್ಟು, ಅದಕ್ಕೇ ಬಿಸಿ ಅನ್ನ ಹಾಕಿದಳು.

"ಉಣ್ಣೇ ಮಗಾ. ನಿಮ್ಮಪ್ಪಂದೇ ಅಲ್ವಾ? ನಾಳೆ ಗಂಡನ ಮನೇಲಿ ಮುಖ ಸಿಂಡರಿಸಿದ್ರೆ ನಮ್ಮ ಮರ್ವಾದೆ ಏನಾಗ್ಬೇಕು? ಈಗ್ಲಿಂದ ರೂಢಿ ಮಾಡ್ಕೋ."

ಗಂಡಸಿಗೆ ರಕ್ತದಲ್ಲಿ ಬರುವ ಪ್ರೀತಿಯನ್ನು ಹೆಂಗಸು ಮಾತ್ರ ರೂಢಿ ಮಾಡಿಕೊಳ್ಳಬೇಕಿತ್ತು. ಬಿಸಿ ಅನ್ನದ ಕೆಳಗಿನಿಂದ ಅಗಿದ ನಾರಿನ ವಾಸನೆ ಮೇಲಕ್ಕೆ ಬಂತು. ಅಜ್ಜಿ ಕೈ ಹಿಡಿದು ಒಂದು ತುತ್ತು ಬಾಯಿಗೆ ಇಡಿಸಿದಳು. ನಾನು ಆ ತಟ್ಟೆಯಲ್ಲೇ ವಾಂತಿ ಮಾಡಿಕೊಂಡೆ. ಅಜ್ಜಿ ತಲೆ ತಲೆ ಬಡಿದುಕೊಂಡಳು. ಹಿತ್ತಲ ಬಾಗಿಲಲ್ಲಿ ಅಮ್ಮ ಎದ್ದು ನಿಂತಿದ್ದಳು, ಮೂರು ದಿನದವಳಾದ್ದರಿಂದ ಒಳಗೆ ಬರುವಂತಿರಲಿಲ್ಲ, ಬರಲಿಲ್ಲ. ಅವಳು ಬಂದು ತಲೆ ಹಿಡಿಯಲಿಲ್ಲವಲ್ಲ ಎಂಬ ಸಿಟ್ಟು ನನಗೆ ಬಹಳ ದಿನ ಇತ್ತು. ಅವತ್ತಿನಿಂದ ನನಗೆ ಒಂದೇ ಭಯ, ಇನ್ನು ನಾಲ್ಕೈದು ವರ್ಷಕ್ಕೆ ಯಾವನೋ ಒಬ್ಬನ ತಟ್ಟೆಯ ಮುಂದೆ ನನ್ನನ್ನೂ ಹೀಗೆ ಗೋಡೆಗೆ ಮುಖ ಮಾಡಿ ಕೂರಿಸುತ್ತಾರೆ.

ಆ ಬೇಸಿಗೆ ರಜೆಯಲ್ಲಿ ನಾನು ಹೆಚ್ಚು ಹೊತ್ತು ಪಕ್ಕದ ಮನೆಯಲ್ಲಿ ಕಳೆಯತೊಡಗಿದೆ. ಅದು ಜೈತುನ್ಬಿ ಖಾಲಾ ಮನೆ. ಚಿಕ್ಕಮ್ಮನಿಗೆ ಅವರಲ್ಲಿ ಖಾಲಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಮಗಳು ನಸೀಮಾ ನನ್ನ ಕ್ಲಾಸು. ಖಾಲಾ ಗಂಡ ಶಿವಾಜಿನಗರದಲ್ಲಿ ಹಾಸಿಗೆ, ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದರು, ಆ ಮನೆಯಲ್ಲಿ ಏನನ್ನು ಮುಟ್ಟಿದರೂ ಕೈಗೆ ಹತ್ತಿ ಅಂಟುತ್ತಿತ್ತು. ಅದೇನು ಸ್ವರ್ಗವಾಗಿರಲಿಲ್ಲ. ಬಾಗಿಲಲ್ಲಿ ಕಟ್ಟಿದ ಮೇಕೆಯ ಹಿಕ್ಕೆ ವಾಸನೆ ಒಳಕೋಣೆವರೆಗೆ ಬರುತ್ತಿತ್ತು. ಖಾಲಾ ಸಿಟ್ಟು ಬಂದರೆ ನಸೀಮಾಗೆ ಚಪ್ಪಲಿಯಲ್ಲೇ ಕೊಡುತ್ತಿದ್ದರು. ಆದರೆ ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿ ಖಾಲಾ ಗಂಡ ಬಂದ ಮೇಲೆ, ನೆಲದ ಮೇಲೆ ಬಟ್ಟೆ ಹಾಸಿ, ಕಲಾಯಿ ಹಾಕಿದ ಒಂದು ದೊಡ್ಡ ಹರಿವಾಣದಲ್ಲಿ ಅನ್ನ, ಮೇಲೆ ಬೇಳೆ, ಮಾಂಸದ ದಾಲ್ಚಾ ಸುರಿದು, ಐದೂ ಜನ ಅದರ ಸುತ್ತ ಕೂರುತ್ತಿದ್ದರು. ಖಾಲಾ, ಅವರ ಗಂಡ, ನಸೀಮಾ, ಅವಳ ಪುಟ್ಟ ತಂಗಿ, ಮತ್ತು ಖಾಲಾ ಅತ್ತೆ. ನಸೀಮಾ 'ದಾದಿ' ಅನ್ನುತ್ತಿದ್ದ ಆ ಅಜ್ಜಿಗೆ ಒಂದು ಹಲ್ಲೂ ಇರಲಿಲ್ಲ.

ಮೊದಲ ಶುಕ್ರವಾರ ಅದನ್ನು ನೋಡಿ ನಾನು ಬಾಗಿಲಿನಿಂದಲೇ ಓಡಿದೆ. ನಮ್ಮ ಮನೆಯಲ್ಲಿ ಒಬ್ಬನ ಎಂಜಲು, ಇಲ್ಲಿ ಐದು ಜನರದ್ದು. ಎರಡನೇ ಶುಕ್ರವಾರ ಹೋಗಿ ಹೊಸ್ತಿಲಲ್ಲಿ ನಿಂತು ನೋಡಿದೆ. ಹುಣ್ಣನ್ನು ಕೆರೆದುಕೊಳ್ಳುವವರಿಗೆ ಗೊತ್ತಿರುತ್ತದೆ ನಾನು ಯಾಕೆ ಹೋದೆ ಎಂದು. ಹಾಗೆ ನೋಡುತ್ತ ನೋಡುತ್ತ ಒಂದು ವಿಷಯ ಕಣ್ಣಿಗೆ ಬಿತ್ತು. ಹರಿವಾಣದ ನಡುವೆ ಯಾರ ಕೈಯೂ ಹೋಗುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿನದನ್ನಷ್ಟೇ, ಬೆರಳ ತುದಿಯಲ್ಲಿ ತೆಗೆಯುತ್ತಿದ್ದರು. ಬಾಯಿಗೆ ಹೋದ ಬೆರಳು ಒದ್ದೆಯಾಗಿ ಹಿಂದಕ್ಕೆ ಬರುತ್ತಿರಲಿಲ್ಲ. ಮೂಳೆ ಬಟ್ಟೆಯ ಅಂಚಿಗೆ ಹೋಗುತ್ತಿತ್ತು, ಅನ್ನಕ್ಕೆ ಅಲ್ಲ. ಪುಟ್ಟ ಹುಡುಗಿ ಮರೆತು ಕೈ ಉದ್ದ ಮಾಡಿದರೆ ಖಾಲಾ ಮಾತನ್ನು ನಿಲ್ಲಿಸದೆಯೇ ಸೌಟಿನ ಹಿಡಿಯಿಂದ ಅವಳ ಗೆಣ್ಣಿಗೆ ಟಕ್ಕೆಂದು ಒಂದು ಕುಟ್ಟುತ್ತಿದ್ದರು. ದಾದಿ ಬೊಚ್ಚು ಬಾಯಲ್ಲಿ ಒಂದೊಂದು ತುತ್ತನ್ನೂ ಎಷ್ಟೋ ಹೊತ್ತು ಮೆಲ್ಲುತ್ತಿದ್ದರು, ಮಿಕ್ಕವರು ಹೊಟ್ಟೆ ತುಂಬಿದ ಮೇಲೂ ಅನ್ನದ ಅಗುಳು ಆರಿಸುತ್ತ ಕೂತಿರುತ್ತಿದ್ದರು. ದಾದಿ ಕೈ ನಿಲ್ಲಿಸುವವರೆಗೆ ಯಾರೂ ಏಳುತ್ತಿರಲಿಲ್ಲ.

ನಾಲ್ಕನೇ ಶುಕ್ರವಾರ ಖಾಲಾ ಸರಿದು ಜಾಗ ಮಾಡಿದರು.

"ಎಷ್ಟ್ ದಿನ ಅಂತ ನಿಂತ್ಕೋತೀ ಬೇಟಿ? ಬಾ. ನಿನ್ ಮುಂದಿಂದು ನೀನ್ ತಿನ್ನು. ಬೀಚ್ ಮೇ ಹಾತ್ ನಕ್ಕೋ."

ನಡುವೆ ಕೈ ಹಾಕಬೇಡ ಎಂದದ್ದು. ಕೂತೆ. ಮೊದಲ ತುತ್ತನ್ನು ಉಸಿರು ಬಿಗಿಹಿಡಿದು ನುಂಗಿದೆ. ಎರಡನೆಯದೂ ಕಷ್ಟವೇ. ಎದುರಿಗೆ ದಾದಿಯ ವಸಡು ಕಾಣುತ್ತಿತ್ತು, ಆ ಕಡೆ ನೋಡದಿರಲು ತಲೆ ತಗ್ಗಿಸಿದೆ. ತಗ್ಗಿಸಿದಾಗ ನನ್ನ ಮುಂದೆ, ಮುಂಚೆ ಇರದಿದ್ದ, ಎಳೆಯ ಮಾಂಸದ ತುಂಡೊಂದು ಇತ್ತು. ತಲೆ ಎತ್ತಿ ನೋಡಿದರೆ ಎಲ್ಲರೂ ತಮ್ಮ ಪಾಡಿಗೆ ಉಣ್ಣುತ್ತಿದ್ದಾರೆ. ಆಮೇಲೆ ಅವರ ಹಿತ್ತಲಲ್ಲಿ ಹರಿವಾಣ ತೊಳೆಯುವಾಗ ಖಾಲಾಗೆ ಕೇಳಿದೆ.

"ಆ ಪೀಸು ಯಾರ್ ಇಟ್ಟಿದ್ದು ಖಾಲಾ?"

"ಅದು ಹೇಳೋ ಹಂಗಿಲ್ಲ. ಗೊತ್ತಾಗೋ ತರ ತಳ್ಳಿದ್ರೆ ಏನ್ ಮಜಾ? ನಂಗೆ ಆ ಕಲೆ ಬರೋಕೆ ಎರಡು ವರ್ಷ ಆಯ್ತು."

"ನಿಮ್ಗೆ ಹೇಸಿಗೆ ಆಗಲ್ವಾ, ಎಲ್ಲರ ಜೊತೆ ಒಂದೇ ತಟ್ಟೇಲಿ?"

"ಮದ್ವೆ ಆಗಿ ಬಂದಾಗ ಭಾಳ ಆಗ್ತಿತ್ತು. ನಮ್ ಮಾಯ್ಕೆಲಿ, ತೌರು ಮನೇಲಿ, ಎಲ್ಲಾ ಬೇರೆ ಬೇರೆ ತಟ್ಟೆ. ಈ ನಮ್ ಸಾಸ್, ನಮ್ ಅತ್ತೆ ಇದ್ದಾರಲ್ಲ, ಕೈ ಮೇಲೆ ಹೊಡ್ದು ಹೊಡ್ದು ಕಲಿಸಿದ್ರು. ನನ್ ಗಂಡಂಗೂ ಹೊಡ್ದಿದ್ದಾರೆ, ಸುಮ್ನೆ ಅಂದ್ಕೋಬ್ಯಾಡ. ಎದುರ್ಗೆ ಕೂತೋರ್ಗೆ ಹೇಸಿಗೆ ಆಗ್ಬಾರ್ದು, ಹಂಗ್ ತಿನ್ನೋದು ಕಲೀಬೇಕು. ಮೊದ್ಲು ಕೈ ಕಲಿತದೆ. ದಿಲ್ ಆಮೇಲೆ ಬರ್ತದೆ, ಬಂದ್ರೆ."

'ಬಂದ್ರೆ' ಎಂದು ಸೇರಿಸಿ ಅವರು ನಕ್ಕರು. ನನಗೆ ಆ ವಯಸ್ಸಿನಲ್ಲಿ ಇಡೀ ಮಾತು ಅರ್ಥವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಇಷ್ಟು ತಲೆಗೆ ಹತ್ತಿತು. ನಮ್ಮ ಮನೆಯಲ್ಲಿ ಪ್ರೀತಿ ಎಂದು ಯಾವುದನ್ನು ಪೂಜೆ ಮಾಡುತ್ತಿದ್ದರೋ ಅದು ಬರೀ ಕಲಿಯದವನ ಗಲೀಜು. ಖಾಲಾ ಮನೆಯಲ್ಲಿ ಆ ಪದವನ್ನೇ ಯಾರೂ ಎತ್ತುತ್ತಿರಲಿಲ್ಲ, ಸೌಟಿನ ಹಿಡಿಯಲ್ಲಿ ಕುಟ್ಟಿ ಅಭ್ಯಾಸ ಮಾಡಿಸುತ್ತಿದ್ದರು. ಆ ರಜೆಯ ಮಿಕ್ಕ ಶುಕ್ರವಾರಗಳಲ್ಲೆಲ್ಲ ನಾನು ಮನೆಯಲ್ಲಿ ಹೇಳದೆ ಅಲ್ಲಿ ಉಂಡೆ. ನನ್ನ ಗೆಣ್ಣಿಗೂ ಎರಡು ಸಲ ಏಟು ಬಿದ್ದಿದೆ.

ರಜೆ ಮುಗಿಯುತ್ತಿದ್ದ ಒಂದು ಭಾನುವಾರ. ಮನೆಯಲ್ಲಿ ಬಾಡೂಟ. ಅಪ್ಪ ಬೆವರು ಸುರಿಸುತ್ತ ಉಂಡು ಮುಗಿಸಿದ. ನಲ್ಲಿಯಲ್ಲಿ ನೀರು ನಿಂತಿತ್ತೋ, ಹಿತ್ತಲವರೆಗೆ ಹೋಗಲು ಸೋಮಾರಿತನವೋ, ಚೊಂಬಿನ ನೀರನ್ನು ತಟ್ಟೆಗೇ ಸುರಿದು ಅದರಲ್ಲೇ ಕೈ ತೊಳೆದ. ಬೆರಳ ಸಂದಿ ತಿಕ್ಕಿ, ಬಾಯಿ ಮುಕ್ಕಳಿಸಿ, ಅದನ್ನೂ ಅಲ್ಲೇ ಉಗಿದ. ಹಿಂದೆಂದೂ ಅಷ್ಟು ಮಾಡಿರಲಿಲ್ಲ. ಮೂಳೆ, ಮೆಣಸಿನ ಸಿಪ್ಪೆ, ಕೊಬ್ಬು ಆ ಕೆಂಪು ನೀರಿನಲ್ಲಿ ತೇಲುತ್ತಿದ್ದವು. ಅಮ್ಮ ಬಂದು ನೋಡಿದಳು. ಒಂದು ಗಳಿಗೆ ನಿಂತಳು. ಈಗ ಏನಾದರೂ ಅಂದಾಳು ಎಂದು ನಾನು ಕಾದೆ. ಅವಳು ತಟ್ಟೆಯನ್ನು ಬಾಗಿಲ ಹತ್ತಿರ ಒಯ್ದು, ಅಂಗೈ ಅಡ್ಡ ಹಿಡಿದು, ನೀರನ್ನು ಮಾತ್ರ ಬಗ್ಗಿಸಿ ಚೆಲ್ಲಿದಳು. ತಿರುಗಿ ಬಂದು ಅನ್ನದ ಪಾತ್ರೆಗೆ ಕೈ ಹಾಕಿದಳು.

ನಾನು ಹೋಗಿ ಆ ತಟ್ಟೆಯನ್ನು ಅವಳ ಮುಂದಿನಿಂದ ಕಸಿದು ಹಿತ್ತಲಿಗೆ ಎಸೆದೆ. ಕಲ್ಲಿಗೆ ಬಡಿದ ಸದ್ದು ಗಲ್ಲಿಗೆಲ್ಲ ಕೇಳಿಸಿರಬೇಕು.

"ಏಯ್! ಏನ್ ಬಂದಿದೆ ನಿಂಗೆ?" ಎಂದ ಅಪ್ಪ.

"ನೀನು ಉಗಿದಿದ್ರಲ್ಲಿ ನೀನೇ ಉಣ್ಣಪ್ಪ. ಇಲ್ಲಾ ಉಣ್ಣೋದು ಕಲ್ತ್ಕೋ. ಜೈತುನ್ಬಿ ಖಾಲಾ ಮನೇಲಿ ಐದು ಜನ ಒಂದೇ ತಟ್ಟೇಲಿ ಉಣ್ತಾರೆ, ಯಾರಿಗೂ ಅಸಹ್ಯ ಆಗಲ್ಲ. ನಂಗೂ ಆಗಲ್ಲ."

ಅಪ್ಪನ ಏಟು ಕೆನ್ನೆಗೆ ಬಿತ್ತು. ಅದು ನಿರೀಕ್ಷೆಯಲ್ಲಿದ್ದದ್ದೇ. ಆದರೆ ಅಜ್ಜಿ ಹಿಡಿದದ್ದು ಮಾತಿನ ಕೊನೆಯನ್ನು.

"ನಂಗೂ ಅಂದ್ರೆ? ಸಾಬರ ಮನೇಲಿ ಉಂಡ್ಯಾ? ಅವರ ಎಂಜಲು ತಿಂದ್ಯೇನೇ ಮುಂಡೆ?"

ಆಮೇಲೆ ಅಪ್ಪ ಉಗಿದದ್ದನ್ನು ಎಲ್ಲರೂ ಮರೆತರು. ನಾನು ತಿಂದದ್ದೇ ಆ ಮನೆಯ ದೊಡ್ಡ ಹೇಸಿಗೆಯಾಯಿತು. ಅಜ್ಜಿ ದೇವಸ್ಥಾನದ ಹತ್ತಿರದ ಹಟ್ಟಿಯಿಂದ ಒಂದು ತಂಬಿಗೆ ಗಂಜಲ ತರಿಸಿದಳು. ನನ್ನನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಆ ಹಸುವಿನ ಉಚ್ಚೆಯನ್ನು ನೆತ್ತಿಗೆ ಮೂರು ಸಲ ಸುರಿದು, ಕೊನೆಗೆ ಒಂದು ಚಮಚ ಬಾಯಿಗೂ ಹಾಕಿದಳು. ಅಪ್ಪನ ಮುಕ್ಕಳಿಕೆ ಪ್ರಸಾದ, ಗಂಜಲ ತೀರ್ಥ, ಖಾಲಾ ತೊಳೆದ ಕೈಯಲ್ಲಿ ಬಡಿಸಿದ ಅನ್ನ ಮೈಲಿಗೆ. ನಾನು ಅಳಲಿಲ್ಲ. ಗೋಡೆಯ ಆ ಕಡೆ ಖಾಲಾ ಬಟ್ಟೆ ಒಗೆಯುವ ಸದ್ದು ನಿಂತುಹೋಗಿತ್ತು. ಅವರು ಎಲ್ಲವನ್ನೂ ಕೇಳಿಸಿಕೊಂಡರು ಎಂಬುದು ನನಗೆ ಏಟಿಗಿಂತ, ಗಂಜಲಕ್ಕಿಂತ ಹೆಚ್ಚು ಅವಮಾನವಾಯಿತು. ಆ ನಾಚಿಕೆಗೆ ನಾನು ಮುಂದೆ ಬಹಳ ದಿನ ನಲ್ಲಿಯ ಹತ್ತಿರವೇ ಹೋಗಲಿಲ್ಲ.

ಅಪ್ಪ ಅಂದಿನಿಂದ ತಿದ್ದಿಕೊಂಡ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ತಿದ್ದಿಕೊಳ್ಳಲಿಲ್ಲ. ಎಪ್ಪತ್ತು ದಾಟಿ ಬದುಕಿದ, ಕೊನೆಯವರೆಗೂ ನಾರನ್ನು ತಟ್ಟೆಗೇ ಉಗುಳಿದ, ಆ ಭಾನುವಾರದಿಂದ ತನ್ನ ಮನೆಯಲ್ಲಿ ಪ್ರೀತಿ ಹೋಯಿತು ಎಂದೇ ನಂಬಿ ಸತ್ತ. ಅವನ ಮೇಲೆ ನನಗಿದ್ದ ಅಸಹ್ಯವನ್ನು ಸಾವು ತೊಳೆದುಬಿಟ್ಟಿತು ಎಂದೂ ನಾನು ಹೇಳಲಾರೆ. ಹಾಗೆ ಹೇಳುವವರನ್ನು ಕಂಡರೂ ನನಗೆ ಆಗುವುದಿಲ್ಲ.

ಬದಲಾದದ್ದು ಅಮ್ಮ. ಆ ಭಾನುವಾರ ಅವಳು ಉಣ್ಣಲೇ ಇಲ್ಲ. ಮರುದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಬಂದು, ಉಂಡು, ಎಂದಿನಂತೆ ಹಿಡಿ ಅನ್ನ ಉಳಿಸಿ ಎದ್ದ. ಅಮ್ಮ ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ ಮುಸುರೆ ಕಲ್ಲಿನ ಮೇಲೆ ಇಟ್ಟಳು. ಮುಂದಿನ ಕೋಣೆಗೆ ಹೋಗಿ ಪೇರಿಸಿಟ್ಟ ಮಾಲಿನಲ್ಲಿ ತಡಕಿ, ಪೇಪರು ಬಿಚ್ಚಿ, ದೊಡ್ಡದೊಂದು ತಟ್ಟೆ ತಂದಳು.

"ಅಂಗಡಿ ತಟ್ಟೆ ಯಾಕೆ ತೆಗ್ದೆ?" ಎಂದ ಅಪ್ಪ.

"ಉಣ್ಣಕ್ಕೆ."

"ಅಂದ್ರೆ?"

"ಉಣ್ಣಕ್ಕೆ ಅಂದೆ ಕಣ್ರೀ."

ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ, ಈ ಮನೆ ಉದ್ಧಾರ ಆಗಲ್ಲ, ಹೆತ್ತವಳಿಗೆ ಇದನ್ನ ನೋಡೋ ಕರ್ಮ ಬಂತು ಎಂದು ಗೊಣಗುತ್ತ ಮುಂಬಾಗಿಲಿಗೆ ಹೋಗಿ ಕೂತಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ. ಅಮ್ಮ ತಟ್ಟೆ ತೊಳೆದು ತಂದು, ಅನ್ನ ಹಾಕಿ, ಅವರೇಕಾಳಿನ ಸಾರು ಬಡಿಸಿ, ಗೋಡೆಗಲ್ಲ, ಕೋಣೆಯ ಕಡೆ ಮುಖ ಮಾಡಿ ಕೂತಳು. ಒಬ್ಬಳಿಗೆ ಅದು ಹೆಚ್ಚಾಗುವಷ್ಟು ಅನ್ನ. ನಾನು ಬಾಗಿಲಲ್ಲಿ ನಿಂತಿದ್ದೆ.

"ಬಾರೇ. ಅವರ ಮನೇಲಿ ಹೆಂಗೆ ಕೂತ್ಕೋತಾರೆ, ಹೆಂಗೆ ಉಣ್ತಾರೆ, ನಂಗೂ ಹೇಳ್ಕೊಡು."

ಇದನ್ನೇ ನಾನು ಬಯಸಿದ್ದು. ಇದಕ್ಕಾಗಿಯೇ ತಟ್ಟೆ ಎಸೆದದ್ದು, ಏಟು ತಿಂದದ್ದು. ಹೋಗಿ ಎದುರಿಗೆ ಕೂತೆ. ಅಮ್ಮ ಅನ್ನ ಕಲಸಲು ಕೈ ಇಟ್ಟಳು. ನಾನು ಅವಳ ಬೆರಳು ನೋಡಿದೆ. ಉಗುರಿನ ಸಂದಿಯ ಹಳದಿ, ತೋರುಬೆರಳಿನ ಸೀಳು. ಇಷ್ಟು ವರ್ಷ ಅಪ್ಪ ಅಗಿದ ನಾರನ್ನು ಬದಿಗೆ ಸರಿಸಿದ ಬೆರಳು ಅದು. ಹಿಂದಿನ ದಿನ ಆ ನೀರನ್ನು ಬಗ್ಗಿಸಿದ ಅಂಗೈ ಅದು. ನನ್ನ ಹೊಟ್ಟೆಯಿಂದ ಓಕರಿಕೆ ಎದ್ದು ಬಂತು. ಹಲ್ಲಿಲ್ಲದ ದಾದಿಯ ಎದುರು ಕೂತು ಉಂಡವಳಿಗೆ ಹೆತ್ತ ತಾಯಿಯ ಎದುರು ಕೈ ಮುಂದಾಗಲಿಲ್ಲ. ನನ್ನ ಹೇಸಿಗೆ ಅಪ್ಪನ ತಟ್ಟೆಯ ಮೇಲಿತ್ತು ಎಂದು ನಾನು ನಂಬಿದ್ದೆ. ಅದು ಯಾವಾಗಲೋ ತಟ್ಟೆಯಿಂದ ಅಮ್ಮನಿಗೆ ದಾಟಿಬಿಟ್ಟಿತ್ತು. ಜೀವನದಲ್ಲಿ ನನ್ನ ಮೇಲೆ ನನಗೇ ಅಷ್ಟು ಅಸಹ್ಯ ಆದದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ.

"ನಂಗೆ ಹಸಿವಿಲ್ಲಮ್ಮ" ಎಂದು ಎದ್ದೆ.

ಅಷ್ಟು ಅನ್ನುವಷ್ಟರಲ್ಲಿ ಅವಳಿಗೆ ಅರ್ಥವಾಯಿತು. ಅವಳು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಎದ್ದು ಹಿತ್ತಲಿಗೆ ಹೋಗಿ ಸೀಗೆಪುಡಿ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಬಂದು ಮತ್ತೆ ಅದೇ ಜಾಗದಲ್ಲಿ ಕೂತಳು. ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ.

"ಮುಖ ಯಾಕೆ ತಿರುಗಿಸ್ಕೋತೀಯ? ಹೇಸಿಗೆ ಆದ್ರೆ ಆಗ್ತದೆ ಅನ್ನು. ನಂಗೂ ದಿನಾ ಆಗ್ತಿತ್ತು ಕಣೇ. ಹದಿನಾರು ವರ್ಷ, ಎರಡು ಹೊತ್ತೂ. ಗೋಡೆ ಕಡೆ ತಿರುಗಿ ಯಾಕೆ ಕೂತ್ಕೋತಿದ್ದೆ ಅಂದ್ಕೊಂಡೆ? ಬಾಯಿಗೆ ಬಂದಿದ್ದನ್ನ ಯಾರೂ ನೋಡ್ದೇ ಇರೋ ಹಂಗೆ ನುಂಗಕ್ಕೆ. ಈ ಮನೇಲಿ ಒಬ್ರೂ, ನೀನೂ, ಆಗ್ತದಾ ಅಂತ ಕೇಳ್ಲಿಲ್ಲ."

ನಾನು ನಾಚಿಕೆ ಆಗಲ್ವಾ ಎಂದು ಕೇಳಿದ್ದೆ, ಹೇಸಿಗೆ ಆಗುತ್ತದಾ ಎಂದು ಕೇಳಿರಲಿಲ್ಲ. ಖಾಲಾಗೆ ಕೇಳಲು ಬಂದ ಪ್ರಶ್ನೆ ಅಮ್ಮನಿಗೆ ಕೇಳಲು ಬಂದಿರಲಿಲ್ಲ. ಅಮ್ಮ ಅನ್ನವನ್ನು ಕೈಯಿಂದ ಎರಡು ಪಾಲು ಮಾಡಿ, ಒಂದನ್ನು ಆ ತುದಿಗೆ, ಒಂದನ್ನು ಈ ತುದಿಗೆ ಸರಿಸಿದಳು. ನಡುವೆ ಸ್ಟೀಲು ಕಾಣುವಷ್ಟು ಜಾಗ ಬಿಟ್ಟಳು.

"ಕೂತ್ಕೋ. ನೀನೇನು ಇಷ್ಟಪಟ್ಟು ಉಣ್ಬೇಕಾಗಿಲ್ಲ. ಎಷ್ಟಾಗ್ತದೋ ಅಷ್ಟು."

ಕೂತೆ. ಅವತ್ತು ಒಂದು ತುತ್ತು ಉಂಡೆ, ಕಣ್ಣಲ್ಲಿ ನೀರು ಬರುವಷ್ಟು ಕಷ್ಟಪಟ್ಟು. ಅಮ್ಮ ನೋಡಿ ಸಾಕು, ಏಳು ಎಂದಳು. ಮರುದಿನ ಎರಡು ತುತ್ತು ಉಂಡೆ.